ಕುಂಬಳ ಬಳ್ಳಿಗೆ ಆಳ ನೀರುಣಿಸುವಿಕೆ

ಕುಂಬಳ ಬಳ್ಳಿಗೆ ಆಳ ನೀರುಣಿಸುವಿಕೆ ಎಂದರೆ ಕುಂಬಳದ, ವಿಶೇಷವಾಗಿ ದೊಡ್ಡ ಗಾತ್ರದ ಕಾಯಿ ಬಿಡುವ ತಳಿಗಳ, ಬೇರು ವಲಯ ಪೂರ್ತಿಯಾಗಿ ತೇವಗೊಳ್ಳುವಂತೆ ನಿಧಾನವಾಗಿ ನೀರು ಕೊಟ್ಟು, ಆ ತೇವದ ನಿಗದಿತ ಭಾಗವನ್ನು ಬಳ್ಳಿ ಬಳಸಿಕೊಂಡ ನಂತರವೇ ಮತ್ತೆ ನೀರು ಕೊಡುವ ಪದ್ಧತಿ. ಮೇಲ್ಮಣ್ಣನ್ನು ಮಾತ್ರ ನೆನೆಸುವ ದಿನನಿತ್ಯದ ಲಘು ನೀರುಣಿಕೆಗಿಂತ ಇದು ಭಿನ್ನವಾದುದು. ಬೇರುಗಳಿಗಿಂತ ಕೆಳಕ್ಕೆ ನೀರು ಇಳಿಯುವಷ್ಟು ಹಾಯಿಸುವುದು ಆಳ ನೀರುಣಿಸುವಿಕೆ ಎನಿಸುವುದಿಲ್ಲ.

ಕರ್ನಾಟಕದ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಈ ವ್ಯತ್ಯಾಸಕ್ಕೆ ಹೆಚ್ಚಿನ ಮಹತ್ವವಿದೆ. ಇಲ್ಲಿನ ಆಳವಾದ ಕಪ್ಪು ಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ. ಅಗತ್ಯಕ್ಕಿಂತ ಹೆಚ್ಚು ನೀರು ಹಾಯಿಸಿದರೆ ಅಂತರ್ಜಲ ಮಟ್ಟ ಮೇಲೇರಿ ಭೂಮಿ ಸವಳು-ಜವಳಾಗುತ್ತದೆ.

ಸಸ್ಯದ ಪರಿಚಯ

ಕುಂಬಳವು ಕುಕುರ್ಬಿಟೇಸಿ ಕುಟುಂಬದ ಕುಕುರ್ಬಿಟಾ ಕುಲಕ್ಕೆ ಸೇರಿದೆ. ಕರ್ನಾಟಕದಲ್ಲಿ ಸಿಹಿಗುಂಬಳ ಅಥವಾ ಚೀನಿಕಾಯಿ ಎಂಬ ಹೆಸರಿನಲ್ಲಿ ಬೆಳೆಯುವುದು ಹೆಚ್ಚಾಗಿ ಕುಕುರ್ಬಿಟಾ ಮೊಶ್ಚಾಟಾ ಪ್ರಭೇದ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿರುವ ಅರ್ಕಾ ಚಂದನ್ ಈ ಪ್ರಭೇದದ ತಳಿ. ಅದೇ ಸಂಸ್ಥೆಯ ಅರ್ಕಾ ಸೂರ್ಯಮುಖಿ ತಳಿಯು ಕುಕುರ್ಬಿಟಾ ಮ್ಯಾಕ್ಸಿಮಾ ಪ್ರಭೇದಕ್ಕೆ ಸೇರಿದ್ದರೂ ಸಣ್ಣ ಕಾಯಿಗಳನ್ನು ಬಿಡುತ್ತದೆ. ಬೂದುಗುಂಬಳವು ಬೆನಿನ್‌ಕಾಸಾ ಎಂಬ ಬೇರೆ ಕುಲದ ಬೆಳೆ.

ಜಗತ್ತಿನ ಅತಿ ದೊಡ್ಡ ಕುಂಬಳಕಾಯಿಗಳೆಲ್ಲ ಕುಕುರ್ಬಿಟಾ ಮ್ಯಾಕ್ಸಿಮಾ ಪ್ರಭೇದದವು. ಇವುಗಳ ಮೂಲ ತಳಿಯಾದ 'ಅಟ್ಲಾಂಟಿಕ್ ಜೈಂಟ್' ಅನ್ನು ಕೆನಡಾದ ನೋವಾ ಸ್ಕೋಶಿಯಾದ ಬೆಳೆಗಾರ ಹೊವಾರ್ಡ್ ಡಿಲ್ ಅಭಿವೃದ್ಧಿಪಡಿಸಿದರು. 2023ರಲ್ಲಿ ಅಮೆರಿಕದ ಟ್ರಾವಿಸ್ ಗಿಂಗರ್ ಬೆಳೆದ ಕಾಯಿ ಸುಮಾರು 1,247 ಕಿಲೋಗ್ರಾಂ ತೂಗಿ ವಿಶ್ವದಾಖಲೆ ಸ್ಥಾಪಿಸಿತು. 2025ರಲ್ಲಿ ಬ್ರಿಟನ್ನಿನ ಸಹೋದರರಾದ ಸ್ಟುವರ್ಟ್ ಮತ್ತು ಇಯಾನ್ ಪೇಟನ್ ಸುಮಾರು 1,278 ಕಿಲೋಗ್ರಾಂ ತೂಕದ ಕಾಯಿಯಿಂದ ಆ ದಾಖಲೆಯನ್ನು ಮುರಿದರು. ಇಂತಹ ಸ್ಪರ್ಧಾ ಕುಂಬಳಗಳ ಬೇಸಾಯ ಮುಖ್ಯವಾಗಿ ಸಮಶೀತೋಷ್ಣ ವಲಯದ ದೇಶಗಳಲ್ಲಿ ನಡೆಯುತ್ತದೆ. ಆದರೆ ಅಲ್ಲಿ ಅನುಸರಿಸುವ ನೀರುಣಿಕೆಯ ತತ್ತ್ವಗಳು ಸಾಮಾನ್ಯ ಸಿಹಿಗುಂಬಳಕ್ಕೂ ಅನ್ವಯಿಸುತ್ತವೆ.

ಬೇರಿನ ರಚನೆ ಮತ್ತು ನೀರಿನ ಅಗತ್ಯ

ಕುಂಬಳದ ತಾಯಿಬೇರು ಅನುಕೂಲಕರ ಮಣ್ಣಿನಲ್ಲಿ 1ರಿಂದ 1.5 ಮೀಟರ್ ಆಳದವರೆಗೆ ಇಳಿಯುತ್ತದೆ. ಆದರೆ ನೀರು ಮತ್ತು ಪೋಷಕಾಂಶಗಳನ್ನು ಹೀರುವ ಪಕ್ಕಬೇರುಗಳಲ್ಲಿ ಹೆಚ್ಚಿನವು ಮೇಲಿನ 30ರಿಂದ 60 ಸೆಂಟಿಮೀಟರ್ ಪದರದಲ್ಲೇ ಅಡ್ಡಲಾಗಿ ಹರಡುತ್ತವೆ. ಬಳ್ಳಿಯ ಗೆಣ್ಣುಗಳು ಹಸಿ ಮಣ್ಣಿಗೆ ತಾಗಿದಲ್ಲೆಲ್ಲ ಹೊಸ ಬೇರುಗಳು ಮೂಡುತ್ತವೆ. ಆದ್ದರಿಂದ ಬಳ್ಳಿ ಹಬ್ಬಿದ ಮೇಲೆ ಬುಡಕ್ಕೆ ಮಾತ್ರ ನೀರು ಹಾಕಿದರೆ ಬೇರು ವಲಯದ ಸಣ್ಣ ಭಾಗಕ್ಕೆ ಮಾತ್ರ ನೀರು ದೊರೆಯುತ್ತದೆ.

ಕಾಯಿಯಲ್ಲಿ ಸುಮಾರು ಶೇ. 90ರಷ್ಟು ನೀರೇ ಇರುತ್ತದೆ. ಸ್ಪರ್ಧಾ ಕುಂಬಳಗಳು ತೀವ್ರ ಬೆಳವಣಿಗೆಯ ದಿನಗಳಲ್ಲಿ ದಿನಕ್ಕೆ 15ರಿಂದ 20 ಕಿಲೋಗ್ರಾಂವರೆಗೆ ತೂಕ ಹೆಚ್ಚಿಸಿಕೊಳ್ಳಬಲ್ಲವು. ಆದರೂ ಬಳ್ಳಿ ಹೀರಿದ ನೀರಿನ ಬಹುಪಾಲು ಕಾಯಿಯಲ್ಲಿ ಉಳಿಯದೆ ಅಗಲವಾದ ಎಲೆಗಳ ಮೂಲಕ ಆವಿಯಾಗಿ ಹೋಗುತ್ತದೆ. ಕಾಯಿಗೆ ಬೇಕಾದ ಸಕ್ಕರೆ ಮತ್ತು ನೀರಿನ ಹೆಚ್ಚಿನ ಅಂಶ ಎಲೆಗಳಿಂದ ಆಹಾರ ಸಾಗಿಸುವ ಫ್ಲೋಯಂ ಅಂಗಾಂಶದ ಮೂಲಕ ಬರುತ್ತದೆ. 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ದೈತ್ಯ ತಳಿಗಳಲ್ಲಿ ಫ್ಲೋಯಂ ಅಂಗಾಂಶದ ಪ್ರಮಾಣವೇ ಹೆಚ್ಚಿರುವುದನ್ನು ಗುರುತಿಸಿತು. ಹೀಗಾಗಿ ಕಾಯಿಯ ಗಾತ್ರಕ್ಕೆ ಆರೋಗ್ಯವಂತ ಎಲೆಗಳೇ ಆಧಾರ. ಮಧ್ಯಾಹ್ನದ ಬಿಸಿಲಿಗೆ ಎಲೆಗಳು ಸ್ವಲ್ಪ ಬಾಡಿ ಸಂಜೆ ಚೇತರಿಸಿಕೊಳ್ಳುವುದು ಸಹಜ. ಬೆಳಿಗ್ಗೆಯೂ ಎಲೆಗಳು ಬಾಡಿಯೇ ಇದ್ದರೆ ಅದು ನೀರಿನ ಕೊರತೆಯ ಅಥವಾ ಬೇರು ಕೊಳೆತದ ಲಕ್ಷಣ. ಎರಡರ ಲಕ್ಷಣವೂ ಒಂದೇ ಆಗಿರುವುದರಿಂದ ಮಣ್ಣನ್ನು ಪರೀಕ್ಷಿಸದೆ ನೀರು ಹಾಯಿಸಿದರೆ, ಬೇರು ಕೊಳೆತ ಬಳ್ಳಿಯ ಸ್ಥಿತಿ ಇನ್ನಷ್ಟು ಹದಗೆಡುತ್ತದೆ.

ಪ್ರದೇಶದ ಮಣ್ಣು ಮತ್ತು ನೀರು

ಬಾಗಲಕೋಟೆ ಜಿಲ್ಲೆಯು 1997ರಲ್ಲಿ ಅವಿಭಜಿತ ವಿಜಯಪುರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಜಮಖಂಡಿ ಹಾಗೂ ಹಿಂದೆ ಅದರ ಭಾಗವಾಗಿದ್ದ ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣಾ ನದಿಯ ದಂಡೆಯಲ್ಲಿವೆ. ಮುಧೋಳ ಪಟ್ಟಣ ಘಟಪ್ರಭಾ ನದಿಯ ದಂಡೆಯಲ್ಲಿದೆ. ಬೀಳಗಿ ತಾಲ್ಲೂಕು ಈ ಎರಡೂ ನದಿಗಳ ನಡುವೆ, ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹೊಂದಿಕೊಂಡಿದೆ. ಮಳೆ ಕಡಿಮೆ ಬೀಳುವ ಈ ಪ್ರದೇಶದಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳ ಹಿಂಗಾರು ಮಳೆಯೇ ಬೇಸಾಯಕ್ಕೆ ಬಹುಮಟ್ಟಿಗೆ ಆಧಾರ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ.

ನದಿ ಬಯಲಿನ ಆಳವಾದ ಕಪ್ಪು ಮಣ್ಣನ್ನು ಸ್ಥಳೀಯವಾಗಿ ಎರಿ ಭೂಮಿ ಎಂದೂ, ಗುಡ್ಡದ ಅಂಚಿನ ಕೆಂಪು ಮಣ್ಣನ್ನು ಮಸಾರಿ ಎಂದೂ ಕರೆಯುತ್ತಾರೆ. ಎರಿ ಮಣ್ಣಿನಲ್ಲಿರುವ ಜೇಡಿಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಇಂತಹ ಹೊಲಗಳಲ್ಲಿ ಅಗಲವಾದ ಆಳದ ಬಿರುಕುಗಳು ಕಾಣಿಸಿಕೊಳ್ಳುತ್ತವೆ.

ಇಲ್ಲಿನ ನೀರಾವರಿಗೆ ದೀರ್ಘ ಇತಿಹಾಸವಿದೆ. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಘಟಪ್ರಭೆಗೆ 19ನೇ ಶತಮಾನದ ಕೊನೆಯಲ್ಲಿ ಅಡ್ಡಗಟ್ಟೆ ನಿರ್ಮಾಣವಾಯಿತು. ಮುಂದೆ ಹಿಡಕಲ್ ಜಲಾಶಯದೊಂದಿಗೆ ವಿಸ್ತಾರಗೊಂಡ ಘಟಪ್ರಭಾ ಎಡದಂಡೆ ಕಾಲುವೆಯ ನೀರು ಈ ಭಾಗದ ಹೊಲಗಳನ್ನೂ ತಲುಪಿತು. ಬೇಸಿಗೆಯಲ್ಲಿ ಬತ್ತುತ್ತಿದ್ದ ಕೃಷ್ಣೆಯ ನೀರನ್ನು ತಡೆದು ನಿಲ್ಲಿಸಲು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ತಮ್ಮದೇ ವಂತಿಗೆ ಮತ್ತು ಶ್ರಮದಾನದಿಂದ ಬ್ಯಾರೇಜ್ ನಿರ್ಮಿಸಿದರು. 'ಶ್ರಮಬಿಂದು ಸಾಗರ' ಎಂದು ಹೆಸರಾದ ಈ ಕಾರ್ಯದ ನೇತೃತ್ವ ವಹಿಸಿದ್ದ ಸಿದ್ದು ನ್ಯಾಮಗೌಡ ಅವರು 'ಬ್ಯಾರೇಜ್ ಸಿದ್ದು' ಎಂದೇ ಪ್ರಸಿದ್ಧರಾಗಿ, 1991ರಲ್ಲಿ ಬಾಗಲಕೋಟೆ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಕೃಷ್ಣಾ ನದಿಗೆ ಹಿಪ್ಪರಗಿಯಲ್ಲಿಯೂ ಬ್ಯಾರೇಜ್ ಇದೆ.

ನೀರಿನ ಲಭ್ಯತೆ ಹೆಚ್ಚಿದಂತೆ ಕಬ್ಬು ಈ ಭಾಗದ ಪ್ರಧಾನ ಬೆಳೆಯಾಯಿತು. ಹರಿ ನೀರಿನ ಪದ್ಧತಿ, ಬಸಿಗಾಲುವೆಗಳ ಕೊರತೆ ಮತ್ತು ಜೇಡಿಮಣ್ಣು ಇವು ಒಟ್ಟಾಗಿ ನದಿ ಹಾಗೂ ಕಾಲುವೆಗಳ ಅಂಚಿನ ಹೊಲಗಳಲ್ಲಿ ಸವಳು-ಜವಳಿನ ಸಮಸ್ಯೆಯನ್ನು ತಂದವು. ಕುಂಬಳವು ಇಲ್ಲಿ ಬದುಗಳ ಮೇಲೆ, ತಿಪ್ಪೆಯ ಅಂಚಿನಲ್ಲಿ ಮತ್ತು ತರಕಾರಿ ಮಡಿಗಳಲ್ಲಿ ಹಬ್ಬಿಸುವ ಬೆಳೆ. ಕಬ್ಬಿನ ಗದ್ದೆಯ ಬದುವಿನಲ್ಲಿರುವ ಬಳ್ಳಿಗೆ ಕಬ್ಬಿಗೆ ಹಾಯಿಸಿದ ನೀರು ತಾನಾಗಿಯೇ ಜಿನುಗಿ ಸಿಗುವುದರಿಂದ ಅಲ್ಲಿ ಪ್ರತ್ಯೇಕ ನೀರಿನ ಅಗತ್ಯ ಬಹಳ ಕಡಿಮೆ.

ಎಷ್ಟು ನೀರು, ಎಷ್ಟು ದಿನಕ್ಕೊಮ್ಮೆ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಂತೆ, ಬೇರು ವಲಯದಲ್ಲಿ ಸಸ್ಯಕ್ಕೆ ದೊರೆಯುವ ಒಟ್ಟು ತೇವಾಂಶದ ಸುಮಾರು ಶೇ. 35ರಷ್ಟು ಖರ್ಚಾಗುವವರೆಗೆ ಕುಂಬಳವು ನೀರಿನ ಒತ್ತಡಕ್ಕೆ ಒಳಗಾಗುವುದಿಲ್ಲ. ಇದರ ಆಧಾರದ ಮೇಲೆ ನೀರಿನ ಪ್ರಮಾಣ ಮತ್ತು ಅಂತರವನ್ನು ಅಂದಾಜಿಸಬಹುದು.

ಎರಿ ಮಣ್ಣು: ಜೇಡಿಮಣ್ಣು ಒಂದು ಮೀಟರ್ ಆಳದಲ್ಲಿ 120ರಿಂದ 200 ಮಿಲಿಮೀಟರ್ ಲಭ್ಯ ನೀರನ್ನು ಹಿಡಿದಿಡುತ್ತದೆ. ಸರಾಸರಿ 160 ಮಿಲಿಮೀಟರ್ ಎಂದು ಹಿಡಿದರೆ 60 ಸೆಂಟಿಮೀಟರ್ ಆಳದ ಬೇರು ವಲಯದಲ್ಲಿ 96 ಮಿಲಿಮೀಟರ್ ಇರುತ್ತದೆ. ಅದರ ಶೇ. 35 ಎಂದರೆ ಸುಮಾರು 34 ಮಿಲಿಮೀಟರ್. ಬೇಸಿಗೆಯಲ್ಲಿ ಪೂರ್ತಿ ಹಬ್ಬಿದ ಬಳ್ಳಿ ದಿನಕ್ಕೆ 7 ಮಿಲಿಮೀಟರ್ ಬಳಸಿದರೆ ಈ ನೀರು ಸುಮಾರು 5 ದಿನಗಳಿಗೆ ಸಾಕಾಗುತ್ತದೆ. ಚಳಿಗಾಲದಲ್ಲಿ ಬಳಕೆ 4 ಮಿಲಿಮೀಟರ್‌ಗೆ ಇಳಿದರೆ 8 ದಿನಗಳಿಗೆ ಸಾಕು.

ಮಸಾರಿ ಮಣ್ಣು: ಮರಳು ಮಿಶ್ರಿತ ಗೋಡು ಮಣ್ಣಿನಲ್ಲಿ ಮೀಟರಿಗೆ 120 ಮಿಲಿಮೀಟರ್ ಲಭ್ಯ ನೀರಿದ್ದು, ಬೇರು 45 ಸೆಂಟಿಮೀಟರ್ ಆಳಕ್ಕಷ್ಟೇ ಇಳಿದಿದ್ದರೆ ಬಳಸಬಹುದಾದ ನೀರು ಸುಮಾರು 19 ಮಿಲಿಮೀಟರ್ ಮಾತ್ರ. ಬೇಸಿಗೆಯಲ್ಲಿ ಇದು 3 ದಿನಕ್ಕೂ ಪೂರ್ತಿ ಸಾಲದು.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಮೂರು ಚದರ ಮೀಟರ್ ಜಾಗದ ಸಾಮಾನ್ಯ ಕುಂಬಳ ಬಳ್ಳಿಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 21 ಲೀಟರ್ ಬೇಕಾಗುತ್ತದೆ. ಅರವತ್ತು ಚದರ ಮೀಟರ್ ಹಬ್ಬಿದ ದೈತ್ಯ ಕುಂಬಳದ ಬಳ್ಳಿಗೆ ಇದೇ ಲೆಕ್ಕದಲ್ಲಿ ದಿನಕ್ಕೆ 420 ಲೀಟರ್ ಬೇಕು. ಇದು ಕಾಯಿಯ ಗಾತ್ರಕ್ಕಿಂತ ಎಲೆಗಳ ಹರವನ್ನು ಅವಲಂಬಿಸಿದ ಲೆಕ್ಕ. ಬಿತ್ತನೆಯಾದ ಮೊದಲ ಮೂರು ವಾರ ಅಗತ್ಯ ಬಹಳ ಕಡಿಮೆ ಇರುತ್ತದೆ. ಹೂ ಬಿಡುವಾಗ ಮತ್ತು ಕಾಯಿ ಉಬ್ಬುವಾಗ ಅದು ಗರಿಷ್ಠ ಮಟ್ಟ ತಲುಪಿ, ಕಾಯಿ ಬಲಿಯುವಾಗ ಮತ್ತೆ ಇಳಿಯುತ್ತದೆ.

ನೀರು ಇಂಗುವ ವೇಗವೂ ಮುಖ್ಯ. ಉಬ್ಬಿದ ಜೇಡಿಮಣ್ಣಿನಲ್ಲಿ ಗಂಟೆಗೆ 1ರಿಂದ 5 ಮಿಲಿಮೀಟರ್ ನೀರು ಮಾತ್ರ ಇಂಗುತ್ತದೆ. ಗಂಟೆಗೆ 3 ಮಿಲಿಮೀಟರ್ ಎಂದು ಹಿಡಿದರೂ 34 ಮಿಲಿಮೀಟರ್ ಇಂಗಲು 11 ಗಂಟೆಗಳಿಗೂ ಹೆಚ್ಚು ಕಾಲ ಬೇಕು. ಇದಕ್ಕಿಂತ ವೇಗವಾಗಿ ಕೊಟ್ಟ ನೀರು ಮೇಲೆ ನಿಲ್ಲುತ್ತದೆ ಇಲ್ಲವೇ ಹರಿದು ಹೋಗುತ್ತದೆ. ಮಣ್ಣು ಒಣಗಿ ಬಿರಿದಿದ್ದರೆ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಆಗ ಮೊದಲ ನೀರು ಬಿರುಕುಗಳ ಮೂಲಕ ಬೇರುಗಳನ್ನು ದಾಟಿ ನೇರವಾಗಿ ಆಳಕ್ಕೆ ಇಳಿದುಬಿಡುತ್ತದೆ. ಆದ್ದರಿಂದ ಎರಿ ಹೊಲದಲ್ಲಿ ದೊಡ್ಡ ಬಿರುಕು ಬೀಳುವ ಮೊದಲೇ ನೀರು ಕೊಡುವುದು, ಬಿರಿದ ಮಣ್ಣನ್ನು ಮೊದಲು ಎಡೆ ಹೊಡೆದು ಬಿರುಕು ಮುಚ್ಚುವುದು ರೂಢಿಯಲ್ಲಿದೆ.

ವಿಧಾನಗಳು

ಬೋದು ಮತ್ತು ಸಾಲು: ಎತ್ತರಿಸಿದ ಬೋದಿನ ಮೇಲೆ ಬೀಜ ಊರಿ ಪಕ್ಕದ ಸಾಲಿನಲ್ಲಿ ನೀರು ಹಾಯಿಸಲಾಗುತ್ತದೆ. ಬುಡದ ಬಳಿ ನೀರು ನಿಲ್ಲದ ಕಾರಣ ಬುಡ ಕೊಳೆ ರೋಗ ಕಡಿಮೆ. ಕಾಲುವೆಯ ಪಾಳಿ ನೀರಿಗೆ ಹೊಂದುವ ವಿಧಾನವಿದು. ಆದರೆ ಪಾಳಿ ಬಂದಾಗ ಸಿಕ್ಕಷ್ಟು ನೀರು ಹಾಯಿಸಿಕೊಳ್ಳುವ ಅಭ್ಯಾಸದಿಂದ ಹೆಚ್ಚುವರಿ ನೀರು ಬೇರು ವಲಯದ ಕೆಳಕ್ಕೆ ಇಳಿಯುತ್ತದೆ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಹಾಯಿಸುವುದರಿಂದ ಇದನ್ನು ತಗ್ಗಿಸಬಹುದು.

ಹನಿ ನೀರಾವರಿ: ಆಳ ನೀರುಣಿಕೆಗೆ ಹೆಚ್ಚು ನಿಯಂತ್ರಣ ನೀಡುವ ವಿಧಾನ. ದಿನಕ್ಕೆ 21 ಲೀಟರ್ ಬೇಕಿರುವ ಬಳ್ಳಿಗೆ, ಶೇ. 90ರಷ್ಟು ಕಾರ್ಯಕ್ಷಮತೆಯಲ್ಲಿ, ಸುಮಾರು 23 ಲೀಟರ್ ಬಿಡಬೇಕಾಗುತ್ತದೆ. ಗಂಟೆಗೆ 4 ಲೀಟರ್ ಬಿಡುವ ಎರಡು ಡ್ರಿಪ್ಪರ್‌ಗಳಿಂದ ಇದಕ್ಕೆ ಸುಮಾರು 3 ಗಂಟೆ ಹಿಡಿಯುತ್ತದೆ. ಎರಿ ಮಣ್ಣಿನಲ್ಲಿ ಗಂಟೆಗೆ 2 ಲೀಟರಿನ ನಾಲ್ಕು ಡ್ರಿಪ್ಪರ್‌ಗಳನ್ನು ಅಂತರ ಬಿಟ್ಟು ಇಟ್ಟರೆ ಅದೇ ಅವಧಿಯಲ್ಲಿ ಅಷ್ಟೇ ನೀರು ನಿಲ್ಲದೆ ಇಂಗುತ್ತದೆ. ಜೇಡಿಮಣ್ಣಿನಲ್ಲಿ ಹನಿ ನೀರು ಅಡ್ಡಲಾಗಿ ಅಗಲಕ್ಕೆ ಹರಡುತ್ತದೆ, ಮಸಾರಿಯಲ್ಲಿ ಕಿರಿದಾಗಿ ಕೆಳಕ್ಕೆ ಇಳಿಯುತ್ತದೆ. ಆದ್ದರಿಂದ ಮಸಾರಿಯಲ್ಲಿ ಡ್ರಿಪ್ಪರ್‌ಗಳು ಹತ್ತಿರ ಹತ್ತಿರ ಇರಬೇಕು. ಬಳ್ಳಿ ಹಬ್ಬಿದಂತೆ ಗೆಣ್ಣುಬೇರುಗಳಿರುವ ಕಡೆಗೂ ಲ್ಯಾಟರಲ್ ಕೊಳವೆಯನ್ನು ವಿಸ್ತರಿಸಲಾಗುತ್ತದೆ. ಇದೇ ಜಿಲ್ಲೆಯ ಹುನಗುಂದ ಭಾಗದ ರಾಮಥಾಳ (ಮರೋಳ) ಯೋಜನೆಯಲ್ಲಿ ಸುಮಾರು 24,000 ಹೆಕ್ಟೇರ್ ಪ್ರದೇಶಕ್ಕೆ ಸಾಮೂಹಿಕ ಹನಿ ನೀರಾವರಿ ವ್ಯವಸ್ಥೆ ರೂಪಿಸಲಾಗಿದೆ.

ನೆಲದಡಿಯ ಹನಿ ನೀರಾವರಿ: ಲ್ಯಾಟರಲ್ ಕೊಳವೆಯನ್ನು ಸಾಮಾನ್ಯವಾಗಿ 15ರಿಂದ 30 ಸೆಂಟಿಮೀಟರ್ ಆಳದಲ್ಲಿ ಹೂಳಲಾಗುತ್ತದೆ. ಮೇಲ್ಮಣ್ಣು ಒಣಗಿರುವುದರಿಂದ ಆವೀಕರಣ ಮತ್ತು ಕಳೆ ಎರಡೂ ಕಡಿಮೆ, ನೆಲಕ್ಕೆ ತಾಗಿದ ಕಾಯಿಗಳೂ ಕೊಳೆಯುವುದಿಲ್ಲ. ಆದರೆ ಬೀಜ ಮೊಳೆಯಲು ಆರಂಭದಲ್ಲಿ ಮೇಲಿನಿಂದ ನೀರು ಕೊಡಲೇಬೇಕು. ಡ್ರಿಪ್ಪರ್ ಕಟ್ಟಿಕೊಂಡರೆ ಮೇಲಿನಿಂದ ಗೊತ್ತಾಗದಿರುವುದು ಇದರ ಕೊರತೆ.

ಮಡಿಕೆ ನೀರಾವರಿ: ಹೊಳಪು ಲೇಪನವಿಲ್ಲದ ಸುಟ್ಟ ಮಣ್ಣಿನ ಮಡಿಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಲಾಗುತ್ತದೆ. ಸುತ್ತಲಿನ ಮಣ್ಣು ಒಣಗಿದಂತೆ ಮಡಿಕೆಯ ಸೂಕ್ಷ್ಮರಂಧ್ರಗಳಿಂದ ನೀರು ಜಿನುಗುತ್ತದೆ. ಬಳ್ಳಿ ಬೆಳೆಗಳಿಗೆ ಈ ವಿಧಾನ ಬಹಳ ಹಳೆಯದು. ಕ್ರಿ.ಪೂ. 1ನೇ ಶತಮಾನದ ಚೀನೀ ಕೃಷಿ ಗ್ರಂಥ 'ಫಾನ್ ಶೆಂಗ್‌ಝಿ ಶು'ದಲ್ಲಿ ಹೂತಿಟ್ಟ ಮಡಿಕೆಯ ಸುತ್ತ ಕರಬೂಜದಂತಹ ಬಳ್ಳಿ ಬೆಳೆಯುವ ವಿವರಣೆಯಿದೆ. ಎರಿ ಮಣ್ಣು ಕುಗ್ಗಿದಾಗ ಮಡಿಕೆಗೂ ಮಣ್ಣಿಗೂ ನಡುವೆ ಸಂಪರ್ಕ ತಪ್ಪುತ್ತದೆ. ಹಾಗಾಗಿ ಮಡಿಕೆಯ ಸುತ್ತ ಮರಳು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣನ್ನು ಒತ್ತಿ ತುಂಬಬೇಕು. ಹಿತ್ತಿಲಿನ ಕೆಲವೇ ಬಳ್ಳಿಗಳಿಗೆ ಇದು ಸೂಕ್ತ.

ರಂಧ್ರಕೊಳವೆ: ಪಿವಿಸಿ ಕೊಳವೆಯ ತುಂಡಿಗೆ ರಂಧ್ರ ಕೊರೆದು ಬುಡದಿಂದ ಸ್ವಲ್ಪ ದೂರದಲ್ಲಿ ನೆಟ್ಟಗೆ ಹೂತು, ಒಳಗೆ ಜಲ್ಲಿ ತುಂಬಿ ನೀರು ಸುರಿಯಲಾಗುತ್ತದೆ. ನೀರು ನೇರವಾಗಿ ಆಳಕ್ಕೆ ತಲುಪುವುದರಿಂದ ಇದು ಆಳ ನೀರುಣಿಕೆಗೆ ಅತ್ಯುತ್ತಮ ಎಂಬ ಭಾವನೆಯಿದೆ. ಆದರೆ ಕೊಳವೆಯ ರಂಧ್ರಗಳು ತಳದಲ್ಲಿ ಮಾತ್ರ ಇದ್ದರೆ ಹೀರುವ ಬೇರುಗಳು ಹೆಚ್ಚಾಗಿರುವ ಮೇಲಿನ ಪದರ ಒಣಗಿಯೇ ಉಳಿಯುತ್ತದೆ. ಕೊಳವೆಯ ಉದ್ದಕ್ಕೂ ರಂಧ್ರಗಳಿರುವುದು ಮತ್ತು ಬಳ್ಳಿಯ ಸುತ್ತ ಒಂದಕ್ಕಿಂತ ಹೆಚ್ಚು ಕೊಳವೆ ಹೂಳುವುದು ಅಗತ್ಯ. ಜಡ ಎರಿ ಮಣ್ಣಿನಲ್ಲಿ ಕೊಳವೆಯ ನೀರು ಖಾಲಿಯಾಗದೆ ನಿಂತರೆ ಅಲ್ಲಿನ ಬೇರುಗಳು ಗಾಳಿಯಿಲ್ಲದೆ ಸಾಯುತ್ತವೆ.

ಹೊದಿಕೆ: ಇದು ಸ್ವತಃ ನೀರುಣಿಸುವ ವಿಧಾನವಲ್ಲ, ಆದರೆ ಮೇಲಿನ ಎಲ್ಲ ವಿಧಾನಗಳಿಗೂ ಪೂರಕ. ಕಬ್ಬು ಕಟಾವಿನ ನಂತರ ಉಳಿಯುವ ಒಣ ಸೋಗೆಯನ್ನು ಈ ಭಾಗದಲ್ಲಿ ರವದಿ ಎನ್ನುತ್ತಾರೆ. ಸುಟ್ಟು ಹಾಕುವ ಬದಲು ರವದಿಯನ್ನು ಬಳ್ಳಿಯ ಕೆಳಗೆ ಹರಡಿದರೆ ಆವೀಕರಣ ತಗ್ಗುತ್ತದೆ, ಬಿರುಕು ಕಡಿಮೆಯಾಗುತ್ತದೆ ಮತ್ತು ಕಾಯಿಗೆ ಒಣ ಹಾಸು ಸಿಗುತ್ತದೆ.

ತೇವದ ಪರೀಕ್ಷೆ

ನೀರು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಮೇಲ್ಮಣ್ಣಿನ ಬಣ್ಣದಿಂದ ನಿರ್ಧರಿಸಲಾಗದು. ನೀರು ಹಾಯಿಸಿದ ಒಂದೆರಡು ದಿನಗಳ ನಂತರ ತೆಳುವಾದ ಕಬ್ಬಿಣದ ಸರಳನ್ನು ಒತ್ತಿದರೆ ಹಸಿ ಇರುವವರೆಗೆ ಅದು ಸುಲಭವಾಗಿ ಇಳಿದು ಒಣ ಪದರದಲ್ಲಿ ತಡೆಯುತ್ತದೆ. ಸುಮಾರು 30 ಸೆಂಟಿಮೀಟರ್ ಆಳದ ಮಣ್ಣನ್ನು ತೆಗೆದು ಅಂಗೈಯಲ್ಲಿ ಒತ್ತಿದಾಗ ಉಂಡೆ ಕಟ್ಟಿ ಬೆರಳಿಗೆ ನೀರು ಅಂಟದಿದ್ದರೆ ಹದವಿದೆ ಎಂದರ್ಥ. ಉಂಡೆ ಕಟ್ಟದೆ ಉದುರಿದರೆ ನೀರು ಬೇಕು, ಬೆರಳಿಗೆ ಕೆಸರು ಅಂಟಿದರೆ ಕಾಯಬೇಕು. ಟೆನ್ಶಿಯೋಮೀಟರ್ ಉಪಕರಣವನ್ನು 30 ಮತ್ತು 60 ಸೆಂಟಿಮೀಟರ್ ಆಳಗಳಲ್ಲಿ ಜೋಡಿಯಾಗಿ ಇಡುವುದು ಹೆಚ್ಚು ನಿಖರ. ಮೇಲಿನದು ನೀರು ಯಾವಾಗ ಬೇಕೆಂಬುದನ್ನೂ, ಕೆಳಗಿನದು ನೀರು ಹೆಚ್ಚಾಯಿತೇ ಎಂಬುದನ್ನೂ ತೋರಿಸುತ್ತದೆ.

ಅತಿಯಾದ ನೀರಿನ ಪರಿಣಾಮಗಳು

ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿ ಗಾಳಿಯಾಡದಿದ್ದರೆ ಬೇರುಗಳ ಉಸಿರಾಟ ನಿಲ್ಲುತ್ತದೆ. ಪೈಥಿಯಂ ಮತ್ತು ಫೈಟಾಫ್ಥೊರಾ ಗುಂಪಿನ ರೋಗಾಣುಗಳು ಇಂತಹ ಮಣ್ಣಿನಲ್ಲಿ ಬೇರು, ಬುಡ ಮತ್ತು ಕಾಯಿಯನ್ನು ಕೊಳೆಸುತ್ತವೆ. ಬಹುಕಾಲ ಒಣಗಿದ ಬಳ್ಳಿಗೆ ಒಮ್ಮೆಲೇ ಹೆಚ್ಚು ನೀರು ಕೊಟ್ಟರೆ ವೇಗವಾಗಿ ಉಬ್ಬುವ ಕಾಯಿ ಸೀಳುವ ಸಾಧ್ಯತೆ ಇರುತ್ತದೆ. ತೇವದ ಏರಿಳಿತದಿಂದ ಸುಣ್ಣದ ಅಂಶದ ಪೂರೈಕೆ ತಪ್ಪಿ ಕಾಯಿಯ ತುದಿ ಕೊಳೆಯುವುದೂ ಉಂಟು.

ಇವೆಲ್ಲ ಒಂದು ಹಂಗಾಮಿನ ನಷ್ಟಗಳು. ಸವಳು-ಜವಳು ಭೂಮಿಯನ್ನೇ ಕಳೆಯುತ್ತದೆ. ಬೇರು ವಲಯದ ಕೆಳಕ್ಕೆ ಇಳಿದ ನೀರು ಜೇಡಿಮಣ್ಣಿನಲ್ಲಿ ಬಸಿದು ಹೋಗದೆ ಅಂತರ್ಜಲ ಮಟ್ಟವನ್ನು ಏರಿಸುತ್ತದೆ. ಅದು ನೆಲಮಟ್ಟದಿಂದ 1.5ರಿಂದ 2 ಮೀಟರ್ ಒಳಗೆ ಬಂದಾಗ ಕೇಶಾಕರ್ಷಣೆಯಿಂದ ಮೇಲೆ ಬರುವ ನೀರು ಆವಿಯಾಗಿ ಅದರಲ್ಲಿ ಕರಗಿದ್ದ ಲವಣಗಳು ಮೇಲ್ಮಣ್ಣಿನಲ್ಲಿ ಉಳಿಯುತ್ತವೆ. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೈಮನ್ಸ್ ಮೀರಿದರೆ ಅದನ್ನು ಲವಣಯುಕ್ತ ಭೂಮಿ ಎಂದು ವರ್ಗೀಕರಿಸಲಾಗುತ್ತದೆ. ಕುಂಬಳವು ಲವಣಕ್ಕೆ ಮಧ್ಯಮ ಸೂಕ್ಷ್ಮತೆಯ ಬೆಳೆಯಾದ್ದರಿಂದ ಇಂತಹ ಹೊಲಗಳಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಅಲ್ಲಿ ಮಣ್ಣು ತೇವವಾಗಿದ್ದರೂ ಲವಣದ ಸೆಳೆತದಿಂದಾಗಿ ಬೇರು ನೀರು ಹೀರಲಾರದೆ ಬಳ್ಳಿ ಬಾಡುತ್ತದೆ.

ಬಸಿಗಾಲುವೆ ಅಥವಾ ನೆಲದಡಿಯ ರಂಧ್ರಕೊಳವೆಗಳ ಮೂಲಕ ನೀರು ಹೊರಹೋಗುವ ವ್ಯವಸ್ಥೆ ಮಾಡಿ, ಆ ನಂತರ ಒಳ್ಳೆಯ ನೀರಿನಿಂದ ಲವಣ ತೊಳೆಯುವುದು ಸುಧಾರಣೆಯ ಕ್ರಮ. ಸೋಡಿಯಂ ಅಂಶ ಹೆಚ್ಚಿರುವ ಕ್ಷಾರ ಭೂಮಿಗೆ ಮಣ್ಣು ಪರೀಕ್ಷೆಯ ಆಧಾರದಲ್ಲಿ ಜಿಪ್ಸಂ ಹಾಕಬೇಕಾಗುತ್ತದೆ. ಬಸಿಯುವ ದಾರಿಯಿಲ್ಲದ ಹೊಲದಲ್ಲಿ ಲವಣ ತೊಳೆಯಲೆಂದು ಹೆಚ್ಚು ನೀರು ಹಾಯಿಸಿದರೆ ಸಮಸ್ಯೆ ಉಲ್ಬಣಗೊಳ್ಳುತ್ತದೆ. ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಹಾಗೂ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಈ ಪ್ರದೇಶಕ್ಕೆ ಸಮೀಪದ ಉನ್ನತ ಕೃಷಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾಗಿವೆ.

ಇವನ್ನೂ ನೋಡಿ

ಹನಿ ನೀರಾವರಿ
ಕಪ್ಪು ಮಣ್ಣು
ಘಟಪ್ರಭಾ ನದಿ
ಕೃಷ್ಣಾ ನದಿ
ಬಾಗಲಕೋಟೆ ಜಿಲ್ಲೆ
ಸಿಹಿಗುಂಬಳ